ಇದ್ದಿಲ ಬೆಂಕಿ, ಎರಡನೇ ಸಲ

ಪ್ರಶ್ನೆ: ಫಾದರ್, ನಾನು ಸಾಗರ ತಾಲ್ಲೂಕಿನವನು, ವಯಸ್ಸು 43. ಗದ್ದೆ ಲೀಸಿಗೆ ಹಿಡಿದು ಶುಂಠಿ ಹಾಕಿದ್ದೆ. ಮೊದಲ ವರ್ಷ ಕೈ ಹಿಡಿಯಿತು. ಆಸೆಗೆ ಬಿದ್ದು ಮರುವರ್ಷವೂ ಅದೇ ಗದ್ದೆಗೆ ಬೀಜ ಇಟ್ಟೆ. ಆಷಾಢದ ಮಳೆಗೆ ಗೆಡ್ಡೆ ಪೂರ್ತಿ ಕೊಳೆಯಿತು. ಸೊಸೈಟಿ ಸಾಲ, ಹೆಂಡತಿಯ ಸಂಘದ ಸಾಲ, ಕೈಸಾಲ ಎಲ್ಲ ಹಾಗೇ ನಿಂತಿವೆ. ಇಷ್ಟು ಊರಿಗೆಲ್ಲ ಗೊತ್ತು. ಗೊತ್ತಿಲ್ಲದ್ದು ಒಂದಿದೆ. ನಮ್ಮ ಚರ್ಚಿನ ಹಬ್ಬದ ಸಮಿತಿಗೆ ನಾನೇ ಖಜಾಂಚಿ. ಆ ದುಡ್ಡಿನಲ್ಲಿ 62,000 ರೂಪಾಯಿ ತೆಗೆದು ಬಡ್ಡಿ ಕಟ್ಟಿದ್ದೇನೆ. ಹೆಂಡತಿಗೂ ಹೇಳಿಲ್ಲ. ಎಂಟು ತಿಂಗಳಿಂದ ಪೂಜೆಗೆ ಹೋಗಿಲ್ಲ. ಪರಿಚಯದವರು ಒಂದು ಪ್ರಾರ್ಥನಾ ಕೂಟಕ್ಕೆ ಕರೆದುಕೊಂಡು ಹೋದರು. ಅಲ್ಲಿನ ಬೋಧಕರು, ಆದಾಯದ ಹತ್ತನೇ ಒಂದು ಪಾಲಾದ ದಶಮಾಂಶ ಕೊಡದಿದ್ದಕ್ಕೇ ದೇವರು ನಿನ್ನ ಬೆಳೆ ಮುಟ್ಟಿದ್ದು ಎಂದರು. ಲೆಕ್ಕ ಒಪ್ಪಿಸುವ ದಿನ ಹತ್ತಿರ ಬರುತ್ತಿದೆ. ರಾತ್ರಿ ಒಂದೊಂದು ಸಲ ಇನ್ನು ಸಾಕು ಅನ್ನಿಸುತ್ತದೆ. ದೇವರ ಮುಂದೆ ನಿಲ್ಲುವ ಮುಖ ನನಗೆ ಉಳಿದಿದೆಯೇ?

ಉತ್ತರ: ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ದೇವರ ವಿಷಯಕ್ಕೆ ಬರುವ ಮುಂಚೆ ಇವತ್ತೇ ಆಗಬೇಕಾದ ಒಂದು ಕೆಲಸ ಹೇಳುತ್ತೇನೆ. ಶುಂಠಿಗೆ ಹೊಡೆಯಲು ತಂದ ಔಷಧದ ಡಬ್ಬಿಗಳು ಕೊಟ್ಟಿಗೆಯಲ್ಲೋ ಅಟ್ಟದಲ್ಲೋ ಉಳಿದಿದ್ದರೆ ಸಂಜೆಯೊಳಗೆ ನಿಮ್ಮ ಅಣ್ಣತಮ್ಮಂದಿರ ಮನೆಗೋ ಪಕ್ಕದ ಮನೆಗೋ ಸಾಗಿಸಿಬಿಡಿ. ಕಾರಣ ಹೇಳಲು ಆಗದಿದ್ದರೆ ‘ನಮ್ಮಲ್ಲಿ ಬೇಡ, ಇಟ್ಟುಕೊಳ್ಳಿ’ ಎಂದರೆ ಸಾಕು. ರಾತ್ರಿ ‘ಇನ್ನು ಸಾಕು’ ಎನ್ನಿಸಿದಾಗ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ, ನಡುರಾತ್ರಿಯಲ್ಲೂ ಎತ್ತುತ್ತಾರೆ. ಹಾಗೆ ಫೋನ್ ಮಾಡುವುದು ನಂಬಿಕೆ ಕಡಿಮೆಯಾದವರ ಕೆಲಸ ಎಂದು ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಪ್ರವಾದಿ ಎಲೀಯ ಮರದ ಕೆಳಗೆ ಬಿದ್ದುಕೊಂಡು ‘ಸಾಕು ಸ್ವಾಮೀ, ನನ್ನ ಪ್ರಾಣ ತೆಗೆದುಕೊ’ ಎಂದು ಬೇಡಿದವನು. ದೇವದೂತ ಬಂದು ಅವನಿಗೆ ಬುದ್ಧಿ ಹೇಳಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು ಕೊಟ್ಟ. ಎಲೀಯ ತಿಂದು ಮತ್ತೆ ಮಲಗಿದ. ದೂತ ಎರಡನೇ ಸಲವೂ ಎಬ್ಬಿಸಿ ಉಣ್ಣಿಸಿದ. ನೀವು ಸರಿಯಾಗಿ ಊಟ, ನಿದ್ದೆ ಮಾಡಿ ಎಷ್ಟು ದಿನವಾಯಿತೋ ನನಗೆ ಗೊತ್ತಿಲ್ಲ. ಅದೂ ಈ ಉತ್ತರದ ಒಂದು ಭಾಗವೇ.

ಇನ್ನು ಆ ಬೋಧಕರ ಮಾತು. ಅದು ತಪ್ಪು ಎಂದು ಸ್ಪಷ್ಟವಾಗಿ ಹೇಳುತ್ತೇನೆ. ಸಿಲೋವದಲ್ಲಿ ಗೋಪುರ ಬಿದ್ದು 18 ಜನ ಸತ್ತಾಗ, ಸತ್ತವರು ಉಳಿದವರಿಗಿಂತ ದೊಡ್ಡ ಪಾಪಿಗಳೇ ಎಂಬ ಪ್ರಶ್ನೆಯನ್ನು ಯೇಸುಸ್ವಾಮಿಯೇ ಎತ್ತಿ, ಅಲ್ಲ ಎಂದು ಉತ್ತರಿಸಿದ್ದು ಲೂಕನ ಶುಭಸಂದೇಶದಲ್ಲಿದೆ. ಹುಟ್ಟುಕುರುಡನನ್ನು ತೋರಿಸಿ, ಪಾಪ ಮಾಡಿದ್ದು ಇವನೋ ಇವನ ತಂದೆತಾಯಿಯೋ ಎಂದು ಶಿಷ್ಯರು ಕೇಳಿದಾಗಲೂ ಅದೇ ಉತ್ತರ. ನಿಮ್ಮ ಶುಂಠಿ ಕೊಳೆತದ್ದು ಯಾಕೆಂದು ನಿಮ್ಮ ಪಕ್ಕದ ಗದ್ದೆಯವನೇ ಹೇಳಬಲ್ಲ. ಒಮ್ಮೆ ಶುಂಠಿ ಬೆಳೆದ ಮಣ್ಣಿನಲ್ಲಿ ಕೊಳೆಯ ಶಿಲೀಂಧ್ರ ಉಳಿದುಕೊಳ್ಳುತ್ತದೆ. ಮೇಲೆ ನೀರು ನಿಂತರೆ ಬುಡದಿಂದ ಬುಡಕ್ಕೆ ಹರಿಯುತ್ತದೆ. ಶುಂಠಿಯವರು ವರ್ಷಕ್ಕೊಂದು ಹೊಸ ಗದ್ದೆ ಹುಡುಕಿಕೊಂಡು ಹೋಗುವುದು ಅದಕ್ಕೇ. ಇದರಲ್ಲಿ ದಶಮಾಂಶದ ಮಾತು ಎಲ್ಲಿಂದ ಬಂತು? ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡ ಯೋಬನ ಗೆಳೆಯರು ಏಳು ದಿನ ಸುಮ್ಮನೆ ಅವನ ಪಕ್ಕದಲ್ಲಿ ನೆಲದ ಮೇಲೆ ಕೂತಿದ್ದರು. ಅಷ್ಟರವರೆಗೆ ಅವರು ಒಳ್ಳೆಯ ಗೆಳೆಯರೇ. ಬಾಯಿ ತೆರೆದು, ನಿನ್ನ ಪಾಪಕ್ಕೇ ಹೀಗಾಯಿತು ಎಂದ ಮೇಲೆ ಕೆಟ್ಟರು. ಕೊನೆಗೆ ದೇವರಿಗೆ ಸಿಟ್ಟು ಬಂದದ್ದು ಆ ಗೆಳೆಯರ ಮೇಲೆ.

ಪತ್ರದಲ್ಲಿ ನನಗೆ ಎದ್ದು ಕಂಡದ್ದು ಏನೆಂದರೆ, ನೀವು ಮೂರು ಬೇರೆ ಬೇರೆ ಸಂಗತಿಗಳನ್ನು ಒಂದೇ ಹೊರೆ ಕಟ್ಟಿ ಹೊತ್ತಿದ್ದೀರಿ. ಮಳೆ, ಕೊಳೆ, ನಷ್ಟ ಒಂದು. ಅದಕ್ಕೆ ಕ್ಷಮೆಯ ಅಗತ್ಯವಿಲ್ಲ, ಅಳುವುದಕ್ಕೆ ಜಾಗ ಬೇಕು ಅಷ್ಟೆ. ಅದೇ ಗದ್ದೆಗೆ ಮತ್ತೆ ಬೀಜ ಇಟ್ಟದ್ದು ಇನ್ನೊಂದು. ಅದು ತಪ್ಪು ಲೆಕ್ಕಾಚಾರ, ಪಾಪವಲ್ಲ. ನಮ್ಮ ಕಡೆ ಶುಂಠಿ ರೇಟು ಏರಿದ ವರ್ಷ ಎಂಥ ಜಾಣನ ಕೈಯೂ ತುರಿಸುತ್ತದೆ. ಹಬ್ಬದ ದುಡ್ಡು ಮಾತ್ರ ನಿಜವಾಗಿ ತಪ್ಪು. ಅದನ್ನು ಸಣ್ಣದು ಮಾಡಿ ಹೇಳಿ ನಿಮ್ಮನ್ನು ಸಮಾಧಾನಪಡಿಸಲು ನಾನು ಹೋಗುವುದಿಲ್ಲ. ಹಾಗೆ ಮಾಡಿದರೆ ನೀವು ನನ್ನನ್ನು ನಂಬುವುದೂ ಇಲ್ಲ, ಯಾಕೆಂದರೆ ಒಳಗಿನಿಂದ ನಿಮಗೇ ಗೊತ್ತು. ಆದರೆ ಹೊರೆ ಬಿಚ್ಚಿ ನೋಡಿದರೆ, ದೇವರ ಮುಂದೆ ತರಬೇಕಾದ ಪಾಪ ಇಷ್ಟೇ. ಮಿಕ್ಕಿದ್ದೆಲ್ಲ ನೋವು.

ಈಗ ಯೇಸುವಿನ ಶಿಷ್ಯ ಪೇತ್ರನ ಹತ್ತಿರ ಬರೋಣ. ಅವನು ಯೇಸುವನ್ನು ಅರಿಯೆನೆಂದು ಮೂರು ಸಲ ಹೇಳಿದ ಕಥೆ ಚಿಕ್ಕಂದಿನಿಂದ ಕೇಳಿದ್ದೀರಿ. ಅದರಲ್ಲಿ ಒಂದು ಸಣ್ಣ ವಿವರ ನನ್ನನ್ನು ಬಹಳ ವರ್ಷದಿಂದ ಹಿಡಿದುಕೊಂಡಿದೆ. ಆ ರಾತ್ರಿ ಚಳಿಯಿತ್ತು. ಮಹಾಯಾಜಕನ ಅಂಗಳದಲ್ಲಿ ಆಳುಗಳು ಇದ್ದಿಲ ಬೆಂಕಿ ಮಾಡಿ ಮೈ ಕಾಯಿಸಿಕೊಳ್ಳುತ್ತಿದ್ದರು. ಪೇತ್ರನೂ ಅವರ ನಡುವೆ ನಿಂತ. ‘ಅವನು ಯಾರೋ ನನಗೆ ಗೊತ್ತಿಲ್ಲ’ ಎಂದದ್ದು ಆ ಬೆಂಕಿಯ ಮುಂದೆ. ಯೊವಾನ್ನ ಅದಕ್ಕೆ ಬಳಸಿದ ಗ್ರೀಕ್ ಪದ ಇಡೀ ಹೊಸ ಒಡಂಬಡಿಕೆಯಲ್ಲಿ ಎರಡೇ ಕಡೆ ಬರುತ್ತದೆ. ಮೊದಲನೆಯದು 18ನೇ ಅಧ್ಯಾಯದ ಆ ಅಂಗಳದಲ್ಲಿ. ಎರಡನೆಯದು 21ನೇ ಅಧ್ಯಾಯದಲ್ಲಿ, ಗಲಿಲೇಯದ ಸರೋವರದ ದಡದಲ್ಲಿ, ಪುನರುತ್ಥಾನವಾದ ಮೇಲೆ. ಆ ಬೆಂಕಿ ಹೊತ್ತಿಸಿದವರು ಯೇಸುಸ್ವಾಮಿ.

ನಾನು ಹುಟ್ಟಿ ಬೆಳೆದದ್ದು ಭದ್ರಾವತಿಯಲ್ಲಿ. ಅಲ್ಲಿನ ಕಬ್ಬಿಣದ ಕಾರ್ಖಾನೆ 1923ರಲ್ಲಿ ಶುರುವಾದಾಗ ಅದಿರು ಕರಗಿಸಿದ್ದು ನಮ್ಮ ಮಲೆನಾಡಿನ ಮರದ ಇದ್ದಿಲಿನಲ್ಲಿ. ನನ್ನ ಕಾಲಕ್ಕೆ ಅದೆಲ್ಲ ಹಳೆಯ ಮಾತಾಗಿತ್ತು, ಆದರೆ ನಮ್ಮ ಮನೆಯಲ್ಲಿ ಇದ್ದಿಲ ಒಲೆ ಇತ್ತು. ಇವತ್ತಿಗೂ ಎಲ್ಲಾದರೂ ಆ ವಾಸನೆ ಬಂದರೆ ಅಮ್ಮ ಒಲೆ ಊದುತ್ತಾ ಕೂತದ್ದು ಕಣ್ಣಿಗೆ ಬರುತ್ತದೆ. ವಾಸನೆಗೆ ಆ ಶಕ್ತಿಯಿದೆ. ಹಾಗಿದ್ದ ಮೇಲೆ, ಒದ್ದೆ ಬಟ್ಟೆಯಲ್ಲಿ ದಡ ಹತ್ತಿ ಬಂದ ಪೇತ್ರನ ಮೂಗಿಗೆ ಆ ಹೊಗೆ ಬಡಿದಾಗ ಅವನಿಗೆ ಯಾವ ರಾತ್ರಿ ನೆನಪಾಗಿರಬೇಕು, ಯೋಚಿಸಿ. ಸ್ವಾಮಿ ಅವನನ್ನು ಬೇರೆಲ್ಲೋ ಕರೆದೊಯ್ದು ಮಾತಾಡಿಸಬಹುದಿತ್ತು. ಅವನು ಎಡವಿದ್ದ ಜಾಗವನ್ನೇ ಮತ್ತೆ ಅವನ ಮುಂದಿಟ್ಟರು. ಅದರ ಮೇಲೆ ಮೀನು ಸುಡುತ್ತಿತ್ತು, ರೊಟ್ಟಿಯಿತ್ತು. ಮೊದಲು ‘ಬನ್ನಿ, ಊಟ ಮಾಡಿ’ ಎಂದರು. ಊಟ ಮುಗಿದ ಮೇಲೆ ಪ್ರಶ್ನೆ.

ಆ ಪ್ರಶ್ನೆಯಾದರೂ ಯಾವುದು? ಯಾಕೆ ಹಾಗೆ ಮಾಡಿದೆ ಎಂದು ಕೇಳಲಿಲ್ಲ. ಇನ್ನು ಮುಂದೆ ಮಾಡುವುದಿಲ್ಲವೆಂದು ಬರೆದುಕೊಡು ಎನ್ನಲಿಲ್ಲ. ‘ನನ್ನನ್ನು ಪ್ರೀತಿಸುತ್ತೀಯಾ?’ ಎಂದು ಕೇಳಿದರು. ಮೂರು ಸಲ ಇಲ್ಲವೆಂದವನಿಗೆ ಮೂರು ಸಲ ಹೌದೆನ್ನುವ ಅವಕಾಶ. ಮೂರನೇ ಸಲ ಕೇಳಿದಾಗ ಪೇತ್ರನಿಗೆ ನೋವಾಯಿತು ಎಂದು ಶುಭಸಂದೇಶ ಮುಚ್ಚಿಡದೆ ಬರೆಯುತ್ತದೆ. ಗಾಯ ತೊಳೆಯುವಾಗ ಉರಿಯಲೇಬೇಕು. ಆದರೆ ಪ್ರತಿ ಸಲ ಅವನು ಹೌದೆಂದಾಗಲೂ ಅವನ ಕೈಗೆ ಕುರಿಗಳನ್ನು ಒಪ್ಪಿಸಿದರು. ಮೊದಲು ಯೋಗ್ಯನಾಗು, ಆಮೇಲೆ ಕೊಡುತ್ತೇನೆ ಎನ್ನಲಿಲ್ಲ.

ಯೇಸುವನ್ನು ಹಿಡಿದುಕೊಟ್ಟ ಶಿಷ್ಯ ಯೂದನ ವಿಷಯವನ್ನೂ ಹೇಳದೆ ಇರಲಾರೆ, ಯಾಕೆಂದರೆ ನಿಮ್ಮ ರಾತ್ರಿಗಳು ನನಗೆ ಅವನನ್ನು ನೆನಪಿಸಿದವು. ಯೂದನಿಗೆ ಪಶ್ಚಾತ್ತಾಪ ಆಗಲಿಲ್ಲ ಎಂದುಕೊಂಡವರೇ ಹೆಚ್ಚು. ಮತ್ತಾಯನನ್ನು ಓದಿ ನೋಡಿ: ಅವನು ಮರುಗಿದ, ನಿರ್ದೋಷಿಯ ರಕ್ತಕ್ಕೆ ದ್ರೋಹ ಮಾಡಿದೆ ಎಂದು ಬಾಯಿಬಿಟ್ಟು ಒಪ್ಪಿಕೊಂಡ, 30 ಬೆಳ್ಳಿ ನಾಣ್ಯಗಳನ್ನು ಹಿಂದಕ್ಕೂ ಕೊಟ್ಟ. ಪೇತ್ರ ಅಷ್ಟೂ ಮಾಡಲಿಲ್ಲ, ಬರೀ ಅತ್ತ. ಆದರೆ ಯೂದ ತನ್ನ ತಪ್ಪನ್ನು ಒಬ್ಬನೇ ಹೊತ್ತು ಹೋದ, ಹೋದದ್ದೂ ‘ಅದು ನಮಗೇನು? ನೀನೇ ನೋಡಿಕೋ’ ಎಂದು ಬಾಗಿಲು ಮುಚ್ಚುವವರ ಹತ್ತಿರ. ಪೇತ್ರ ಅತ್ತು, ಉಳಿದವರ ಜೊತೆಗೇ ಇದ್ದ. ಆ ಶನಿವಾರ ಅವನು ಏನು ಮಾಡಿದ ಎಂದು ಎಲ್ಲೂ ಬರೆದಿಲ್ಲ. ಭಾನುವಾರ ಬೆಳಿಗ್ಗೆ ಹೆಂಗಸರು ಓಡಿ ಬಂದು ಸುದ್ದಿ ಹೇಳಿದಾಗ ಅವನು ಸಿಗುವ ಜಾಗದಲ್ಲಿದ್ದ, ಅಷ್ಟು ಗೊತ್ತು. ಯೂದ ಇನ್ನು ಮೂರೇ ದಿನ ತಡೆದಿದ್ದರೆ ಎಂದು ನಾನು ಪ್ರತಿ ಶುಭ ಶುಕ್ರವಾರ ಅಂದುಕೊಳ್ಳುತ್ತೇನೆ. ತಮ್ಮ ಪ್ರಾಣ ತಾವೇ ತೆಗೆದುಕೊಂಡವರ ವಿಷಯದಲ್ಲಿ ಆಸೆ ಬಿಡಬೇಡಿ, ಅವರಿಗಾಗಿ ಪ್ರಾರ್ಥಿಸಿ ಎಂದೇ ಧರ್ಮಸಭೆ ಇಂದು ಕಲಿಸುತ್ತದೆ. ಆದ್ದರಿಂದ ಅವನನ್ನು ನರಕಕ್ಕೆ ಕಳಿಸುವ ಕೆಲಸ ನನ್ನದಲ್ಲ. ನಿಮ್ಮನ್ನು ಇಲ್ಲಿ ಉಳಿಸಿಕೊಳ್ಳುವ ಕೆಲಸ ಮಾತ್ರ ನನ್ನದು.

ಬೇರೆ ಸಭೆಗಳವರು ಓದುವ ಹಳೆಯ ಕನ್ನಡ ಸತ್ಯವೇದದಲ್ಲಿ ನಂಬಿಕೆ, ಪ್ರೀತಿಗಳ ಜೊತೆಗೆ ಬರುವ ಮೂರನೆಯದನ್ನು ‘ನಿರೀಕ್ಷೆ’ ಎನ್ನುತ್ತಾರೆ. ನಾವು ಭರವಸೆ ಎನ್ನುತ್ತೇವೆ. ನನಗೆ ಆ ಹಳೆಯ ಪದವೇ ಇಷ್ಟ. ಕಾಯುವುದು ಎಂಬ ಅರ್ಥ ಅದರೊಳಗೇ ಇದೆ. ಮುಂದಿನ ವರ್ಷ ಶುಂಠಿಗೆ ರೇಟು ಬರುತ್ತದೆ, ಸಾಲ ತೀರುತ್ತದೆ ಎಂದು ನಾನು ನಿಮಗೆ ಹೇಳಲಾರೆ, ದೇವರೂ ಹಾಗೆ ಮಾತು ಕೊಟ್ಟಿಲ್ಲ. ಪ್ರವಾದಿ ಹಬಕ್ಕೂಕ ಅಂಜೂರ ಚಿಗುರದಿದ್ದರೂ, ದ್ರಾಕ್ಷಿ ಬಿಡದಿದ್ದರೂ, ಹೊಲ ಅನ್ನ ಕೊಡದಿದ್ದರೂ, ಕೊಟ್ಟಿಗೆಯಲ್ಲಿ ದನವಿಲ್ಲದಿದ್ದರೂ ಎಂದು ಒಂದೊಂದೇ ಎಣಿಸಿ, ಆದರೂ ನಾನು ದೇವರಲ್ಲಿ ಹರ್ಷಿಸುವೆ ಎಂದು ಹಾಡಿದ. ಮುಂದಿನ ಬೆಳೆಯ ಸುದ್ದಿಯೇ ಆ ಹಾಡಿನಲ್ಲಿಲ್ಲ. ನಾವು ಕಾಯುವುದು ಬೆಳೆಗಲ್ಲ. ದಡದಲ್ಲಿ ಒಬ್ಬರು ಆಗಲೇ ಒಲೆ ಹೊತ್ತಿಸಿ ನಮಗಾಗಿ ಕಾಯುತ್ತಿದ್ದಾರೆ ಎಂಬುದನ್ನು ನಂಬಿ ದೋಣಿ ತಿರುಗಿಸುವುದು.

ನನ್ನದೇ ಒಂದು ಸಂಗತಿ ಹೇಳುತ್ತೇನೆ. ಗುರುವಾಗಿ ಮೂರು ವರ್ಷವಾಗಿತ್ತು. ಹೊಸನಗರದ ಕಡೆಯ ಒಂದು ಧರ್ಮಕೇಂದ್ರ. ಜುಲೈ ತಿಂಗಳ ಒಂದು ರಾತ್ರಿ, ಒಬ್ಬರು ಸಾಯುವ ಸ್ಥಿತಿಯಲ್ಲಿದ್ದಾರೆ, ತೈಲಲೇಪನಕ್ಕೆ ಬನ್ನಿ ಎಂದು ಹುಡುಗನೊಬ್ಬ ಕಂಬಳಿಕೊಪ್ಪೆ ಹಾಕಿಕೊಂಡು ಬಂದ. ಮಳೆ ಹೊಯ್ಯುತ್ತಿತ್ತು, ದಾರಿಯಲ್ಲಿ ಹಳ್ಳ ದಾಟಬೇಕಿತ್ತು. ಬೆಳಿಗ್ಗೆ ಬರುತ್ತೇನೆ ಹೋಗು ಎಂದೆ. ಹುಡುಗ ಅದೇ ಹಳ್ಳ ದಾಟಿ ಬಂದಿದ್ದ ಎಂಬುದು ಅವನು ಹೋದ ಮೇಲೆ ಹೊಳೆಯಿತು. ಆದರೂ ಏಳಲಿಲ್ಲ. ಬೆಳಗಿನ ಜಾವ ಅವರು ತೀರಿಕೊಂಡರು. ಮಣ್ಣು ಮಾಡುವ ದಿನ ನಾನು ಮಾಡಿದ ಪ್ರಸಂಗ ಒಂದು ಅಕ್ಷರವೂ ನೆನಪಿಲ್ಲ. ಆ ಪಾಪವನ್ನು ನಿವೇದಿಸಿಕೊಂಡೆ, ಕ್ಷಮೆಯೂ ಸಿಕ್ಕಿತು. ಆದರೆ ಆ ಮನೆಯ ಕಡೆ ಹೋಗುವ ಧೈರ್ಯ ಬರಲಿಲ್ಲ. ಹನ್ನೊಂದು ವರ್ಷ ಬರಲಿಲ್ಲ. ಕೊನೆಗೆ ಒಂದು ಮಧ್ಯಾಹ್ನ ಹೋಗಿ ಆ ಮನೆಯ ಅಮ್ಮನ ಮುಂದೆ ಕೂತು ಎಲ್ಲ ಹೇಳಿದೆ. ಅವರು ಅಡಿಕೆ ಸುಲಿಯುತ್ತಿದ್ದವರು ಕತ್ತಿಯಿಂದ ಕೈ ತೆಗೆದು, ‘ನನಗೆ ಆವತ್ತೇ ಗೊತ್ತಿತ್ತು ಫಾದರ್. ನಿಮ್ಮ ಮುಖ ನೋಡಿದ್ದೆನಲ್ಲ. ಪ್ರತಿ ವರ್ಷ ಅವರ ತಿಥಿಯ ದಿನ ಪೂಜೆ ಹೇಳಿಸುವಾಗ ನಿಮಗೂ ಒಂದು ಜಪಸರ ಮಾಡುತ್ತಿದ್ದೆ’ ಎಂದರು. ಕಾಫಿ ಮಾಡಿಕೊಟ್ಟರು.

ಪೇತ್ರ ಇನ್ನೂ ತಪ್ಪೇ ಮಾಡದಿದ್ದಾಗ ಯೇಸು ಅವನಿಗೆ, ನಿನ್ನ ವಿಶ್ವಾಸ ಕುಂದದಂತೆ ನಾನು ನಿನಗಾಗಿ ಪ್ರಾರ್ಥಿಸಿದ್ದೇನೆ, ನೀನು ತಿರುಗಿ ಬಂದ ಮೇಲೆ ನಿನ್ನ ಸೋದರರನ್ನು ದೃಢಪಡಿಸು ಎಂದಿದ್ದರು. ಆ ವಾಕ್ಯವನ್ನು ಎಷ್ಟೋ ಸಲ ಬೋಧಿಸಿದ್ದೆ. ಅದು ಅರ್ಥವಾದದ್ದು ಆ ಅಡಿಕೆ ಚಪ್ಪರದ ಕೆಳಗೆ. ನಾನು ಮುಖ ತಪ್ಪಿಸಿಕೊಂಡು ತಿರುಗಿದ ಹನ್ನೊಂದು ವರ್ಷವೂ ನನ್ನ ಹೆಸರಿನಲ್ಲಿ ಅಲ್ಲಿ ಪ್ರಾರ್ಥನೆ ನಡೆದಿತ್ತು.

ಇನ್ನು ನೀವು ಮಾಡಬೇಕಾದ್ದು. ಮೊದಲು ಹೆಂಡತಿಗೆ ಹೇಳಿ. ಪಾದ್ರಿಗಿಂತ ಮೊದಲು, ಸಮಿತಿಗಿಂತ ಮೊದಲು. ಮಕ್ಕಳು ಮಲಗಿದ ಮೇಲೆ, ಮೊತ್ತ ಸಮೇತ ಹೇಳಿ. ಅರ್ಧ ಹೇಳಿ ಅರ್ಧ ಉಳಿಸಿಕೊಳ್ಳಬೇಡಿ. ಅವರಿಗೆ ಸಿಟ್ಟು ಬರುತ್ತದೆ, ಬರಲಿ. ಆ ಸಿಟ್ಟಿನ ಜೊತೆಗಿರುವುದು ಒಬ್ಬರೇ ಕೊಟ್ಟಿಗೆಯಲ್ಲಿ ಕೂತಿರುವುದಕ್ಕಿಂತ ಎಷ್ಟೋ ಮೇಲು.

ಆಮೇಲೆ ಪಾಪನಿವೇದನೆ. ನಮ್ಮ ಮಲೆನಾಡಿನ ಧರ್ಮಕೇಂದ್ರಗಳು ಸಣ್ಣವು, ಎಲ್ಲರಿಗೂ ಎಲ್ಲರ ದನಿ ಗುರುತು. ನಿಮ್ಮೂರಿನ ಗುರುಗಳ ಮುಂದೆ ಬಾಯಿ ಬಾರದಿದ್ದರೆ ಶಿವಮೊಗ್ಗಕ್ಕೆ ಬಸ್ಸು ಹತ್ತಿ, ಸೇಕ್ರೆಡ್ ಹಾರ್ಟ್ ಪ್ರಧಾನಾಲಯಕ್ಕೆ ಹೋಗಿ. ಯಾವ ಗುರುವಿನ ಬಳಿ ಬೇಕಾದರೂ ನಿವೇದಿಸಿಕೊಳ್ಳುವ ಹಕ್ಕು ನಿಮಗಿದೆ. ಅಲ್ಲಿ ಕೇಳಿದ್ದನ್ನು ಗುರು ಜೀವ ಹೋದರೂ ಹೊರಗೆ ಹೇಳುವಂತಿಲ್ಲ. ನಿಮ್ಮ ಹತ್ತಿರವೂ ಹೊರಗೆ ಆ ಮಾತು ತಾನಾಗಿ ಎತ್ತುವಂತಿಲ್ಲ. ಇದರಿಂದ ಒಂದು ಸಂಗತಿ ತಿಳಿದುಕೊಳ್ಳಬೇಕು: ದುಡ್ಡಿನ ವಿಷಯವನ್ನು ಪಾಪನಿವೇದನೆಯಲ್ಲಿ ಮಾತ್ರ ಹೇಳಿದರೆ ಅದನ್ನು ಸರಿಪಡಿಸಲು ಯಾವ ಗುರುವೂ ಸಹಾಯ ಮಾಡಲಾಗುವುದಿಲ್ಲ. ಅದನ್ನು ನಿಮ್ಮ ಧರ್ಮಕೇಂದ್ರದ ಗುರುಗಳಿಗೆ ಕಚೇರಿಯಲ್ಲಿ ಕೂತು ಇನ್ನೊಮ್ಮೆ ಹೇಳಬೇಕು. ದುಡ್ಡು ಪೂರ್ತಿ ತೀರಿಸಿದ ಮೇಲೇ ಕ್ಷಮೆ ಎಂದೇನೂ ಇಲ್ಲ. ಹಿಂದಕ್ಕೆ ಕೊಡುವ ನಿಜವಾದ ಮನಸ್ಸು ಇರಬೇಕು, ಕೈಲಾದಷ್ಟು ಕೊಡುತ್ತಾ ಹೋಗಬೇಕು. ಸುಂಕದವನಾದ ಜಕ್ಕಾಯ, ಮೋಸದಿಂದ ಪಡೆದದ್ದನ್ನು ನಾಲ್ಕರಷ್ಟು ಹಿಂದಿರುಗಿಸುತ್ತೇನೆ ಎಂದದ್ದು ಯೇಸು ಅವನ ಮನೆಗೆ ಬಂದ ಮೇಲೆ. ಅತಿಥಿ ಮೊದಲು ಬಂದರು, ಲೆಕ್ಕ ಆಮೇಲೆ ಬಂತು.

ಪೂಜೆಗೆ ಹೋಗಲು ಮಾತ್ರ ಯಾವುದಕ್ಕೂ ಕಾಯಬೇಡಿ. ದೊಡ್ಡ ಪಾಪ ಮನಸ್ಸಿನಲ್ಲಿದ್ದಾಗ ನಿವೇದನೆಯಾಗುವ ತನಕ ಪರಮಪ್ರಸಾದ ಸ್ವೀಕರಿಸಬಾರದು, ಅಷ್ಟೇ ನಿಯಮ. ಚರ್ಚಿನೊಳಗೆ ಬರಬಾರದು ಎಂದು ಯಾರೂ ಹೇಳಿಲ್ಲ. ನನ್ನ ಅನುಭವದಲ್ಲಿ ಎಷ್ಟೋ ಜನ ಇದನ್ನು ತಪ್ಪು ತಿಳಿದು ವರ್ಷಗಟ್ಟಲೆ ಹೊರಗೇ ಉಳಿದುಬಿಟ್ಟಿದ್ದಾರೆ. ಕೊನೆಯ ಬೆಂಚಿನಲ್ಲಿ ಕೂರಿ.

ಸಮಿತಿಗೆ ನೀವೇ ಮೊದಲು ಹೇಳುವುದು ಒಳ್ಳೆಯದು, ಲೆಕ್ಕದ ದಿನ ಅವರು ಕಂಡುಹಿಡಿಯುವ ತನಕ ಬಿಡಬೇಡಿ. ಖಜಾಂಚಿ ಕೆಲಸ ಬಿಟ್ಟುಕೊಡಿ, ಪಾಸ್‌ಬುಕ್ಕು ರಸೀದಿ ಪುಸ್ತಕ ಒಪ್ಪಿಸಿ. ಶುಂಠಿಗೆ ತಂದ ಸ್ಪ್ರಿಂಕ್ಲರ್ ಪೈಪು, ಜೆಟ್ಟು, ಮೋಟರು ಇನ್ನೂ ಇದ್ದರೆ ಮಾರಿ ಮೊದಲ ಕಂತು ಕಟ್ಟಿ, ಉಳಿದದ್ದಕ್ಕೆ ತಿಂಗಳಿಗೆ ಇಷ್ಟು ಎಂದು ಬರೆದು ಸಹಿ ಹಾಕಿ. ಅದೇ ಹೊಂಡ ಮುಚ್ಚಲು ಇನ್ನೊಂದು ಫೈನಾನ್ಸಿನ ಸಾಲ ಮಾಡಬೇಡಿ. ಕೆಲವರು ಆಡಿಕೊಳ್ಳುತ್ತಾರೆ. ದೂರು ಕೊಡುತ್ತೇವೆ ಎನ್ನುವವರೂ ಇರಬಹುದು. ಅದನ್ನು ನಾನು ಇಲ್ಲವೆನ್ನಲಾರೆ. ಆದರೆ ತಾನಾಗಿ ಬಂದು ಹೇಳಿದವನ ಮುಂದೆ ಹಳ್ಳಿಯ ಜನ ಮೆತ್ತಗಾಗುವುದನ್ನು ನಾನು ಕಂಡಿದ್ದೇನೆ.

ಸಂಘದ ಸಾಲದವರು ಮನೆ ಬಾಗಿಲಿಗೆ ಬಂದು ಹೆದರಿಸುತ್ತಿದ್ದರೆ ಸುಮ್ಮನಿರಬೇಡಿ. ಮೈಕ್ರೋಫೈನಾನ್ಸ್ ಸಾಲ ವಸೂಲಿಗೆ ಬೆಳಿಗ್ಗೆ 9ಕ್ಕೆ ಮುಂಚೆ, ಸಂಜೆ 6ರ ಮೇಲೆ ಫೋನ್ ಮಾಡಬಾರದು ಎಂದು ರಿಸರ್ವ್ ಬ್ಯಾಂಕಿನ ನಿಯಮವಿದೆ. ಬೆದರಿಸಿ ವಸೂಲಿ ಮಾಡುವುದನ್ನು ಅಪರಾಧವೆಂದು ನಮ್ಮ ರಾಜ್ಯ 2025ರಲ್ಲಿ ಕಾನೂನೇ ಮಾಡಿದೆ. ಸಾಗರದ ಕೋರ್ಟಿನಲ್ಲಿರುವ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಕೇಳಿದರೆ ದಾರಿ ಹೇಳುತ್ತಾರೆ. ಸಾಲ ಸಂಘದಲ್ಲಿ ನಿಮ್ಮ ಹೆಂಡತಿಯ ಹೆಸರಿನಲ್ಲಿರುವುದರಿಂದ ಅವರೂ ಜೊತೆಗೆ ಬರಲಿ, ಹೆಂಗಸರಿಗೆ ಅಲ್ಲಿ ವಕೀಲರ ನೆರವು ಉಚಿತ.

ಮುಖ ಉಳಿದಿದೆಯೇ ಎಂದು ಕೇಳಿದಿರಿ. ಸಮಾಧಿಯ ಬಳಿ ಹೆಂಗಸರಿಗೆ ಸಿಕ್ಕಿದ ಸಂದೇಶವನ್ನು ಮಾರ್ಕನು ಬರೆಯುವಾಗ ಒಂದು ಹೆಸರು ಬಿಡದೆ ಸೇರಿಸಿದ್ದಾನೆ: ಹೋಗಿ ಶಿಷ್ಯರಿಗೂ ಪೇತ್ರನಿಗೂ ಹೇಳಿ. ಪೇತ್ರನೂ ಶಿಷ್ಯನೇ, ಬೇರೆಯಾಗಿ ಹೇಳುವ ಅಗತ್ಯವಿರಲಿಲ್ಲ. ನಾನಿನ್ನು ಆ ಲೆಕ್ಕದಲ್ಲಿಲ್ಲ ಎಂದು ಅವನು ಹಿಂದೆ ಸರಿದಾನು ಎಂದೇ ಹೆಸರು ಹಿಡಿದು ಕರೆದದ್ದು ಎಂದು ನಾನು ನಂಬುತ್ತೇನೆ.

ಕಚೇರಿಗೆ ಹೋಗುವ ದಿನ ಒಬ್ಬರೇ ಹೋಗಲು ಕಾಲು ಬಾರದಿದ್ದರೆ ಈ ವಿಳಾಸಕ್ಕೇ ಇನ್ನೊಂದು ಪತ್ರ ಹಾಕಿ. ನಿಮ್ಮ ಹೆಸರು ನನಗೆ ಬೇಡ, ದಿನ ಮತ್ತು ಊರು ತಿಳಿಸಿ ಸಾಕು. ಮಳೆಯಿದ್ದರೂ ಬರುತ್ತೇನೆ.